ಅಪ್ಪ ಓಡಿಸದ ಕಾರು

ಅಪ್ಪ ಸೋಮವಾರ ಊಟ ಮಾಡುವುದಿಲ್ಲ ಎಂಬುದು ಅರುಂಧತಿಗೆ ಗೊತ್ತಾದದ್ದು ಮೆಲ್ಬರ್ನಿನಲ್ಲಿ, ತಮ್ಮ ಹರ್ಷವರ್ಧನನ ಮನೆಯ ಅಡುಗೆಮನೆಯಲ್ಲಿ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ. ಹಿಂದಿನ ದಿನವಷ್ಟೇ ಅವಳು ಸಿಡ್ನಿಯಿಂದ ಬಂದಿದ್ದಳು. ಆವತ್ತು ಹನ್ನೊಂದು ಗಂಟೆಗೆ ಸಿಟಿಯ ಒಂದು ಯೂನಿವರ್ಸಿಟಿಯಲ್ಲಿ ಪ್ರಬಂಧ ಓದುವುದಿತ್ತು. ಹಳೆಯ ಕಾಲದ ಚೀನೀ ಚಿಂತಕರು ಕುಟುಂಬಕ್ಕೆ ಕೊಟ್ಟ ಸ್ಥಾನ ಎಂಥದು ಎಂಬ ವಿಷಯ. ಓದುವುದಕ್ಕೆ ಮುಂಚೆ ಅಪ್ಪನ ಜೊತೆ ಕೂತು ತಿಂಡಿ ತಿನ್ನಬೇಕು ಅಂತ ಬೇಗ ಎದ್ದಿದ್ದಳು. ತಟ್ಟೆಯನ್ನು ಅಪ್ಪನ ಕೋಣೆಯ ಕಡೆ ಒಯ್ಯಲು ಹೊರಟವಳನ್ನು ನಿವೇದಿತಾ ತಡೆದಳು. ನಿವೇದಿತಾ ಹರ್ಷನ ಹೆಂಡತಿ, ಯಾವ ಮಾತನ್ನೂ ದನಿ ಏರಿಸದೆ ಹೇಳುವವಳು. "ಮಾವ ಸೋಮವಾರ ನೀರು ಬಿಟ್ಟು ಏನೂ ತಗೊಳಲ್ಲ ಅಕ್ಕ. ಮೂರು ತಿಂಗಳಾಯ್ತು. ಆ ಹೆಂಗಸಿಗೋಸ್ಕರ" ಅಂದಳು. ಯಾವ ಹೆಂಗಸು ಎಂದು ಅರುಂಧತಿ ಕೇಳಿದಾಗ ನಿವೇದಿತಾ ಇವಳ ಮುಖವನ್ನೇ ನೋಡಿದಳು, ಗೊತ್ತಿದ್ದೂ ಕೇಳುತ್ತಿದ್ದಾಳೇನೋ ಎಂಬ ಹಾಗೆ. "ಸಿಡ್ನೀಲಿ ಮಾವ ರೆಡ್ ಲೈಟ್ ದಾಟಿದಾಗ ಅಡ್ಡ ಬಂದ್ಲಲ್ಲ, ಪ್ರಾಮ್ ತಳ್ಕೊಂಡು. ಕೂದಲೆಳೇಲಿ ತಪ್ಪಿತಂತೆ. ಮಗು ಅತ್ತಿದ್ದು ಈಗ್ಲೂ ಕೇಳ್ಸತ್ತೆ ಅಂತಾರೆ."

ಅರುಂಧತಿ ತಟ್ಟೆಯನ್ನು ಒಲೆಯ ಪಕ್ಕ ಇಟ್ಟಳು. ಹೆಂಗಸು ಇರಲಿಲ್ಲ, ಮಗುವನ್ನು ಕೂರಿಸಿ ತಳ್ಳುವ ಪ್ರಾಮ್ ಇರಲಿಲ್ಲ, ಅತ್ತ ಮಗುವೂ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಆ ಕಾರಿನಲ್ಲಿ ಅಪ್ಪನೇ ಇರಲಿಲ್ಲ. ಎರಡು ವರ್ಷದ ಹಿಂದೆ, ೨೦೦೫ರ ಜೂನ್ ತಿಂಗಳ ಒಂದು ಬೆಳಿಗ್ಗೆ ಕ್ವೇಕರ್ಸ್ ಹಿಲ್‌ನಿಂದ ಪ್ಯಾರಮಟ್ಟಾ ಕಡೆಗೆ ಹೋಗುವ ರಸ್ತೆಯ ಸಿಗ್ನಲ್ಲಿನಲ್ಲಿ ಹಳದಿ ಕೆಂಪಾದದ್ದನ್ನು ಕಂಡೂ ಕಾಲನ್ನು ಬ್ರೇಕಿನ ಮೇಲಿಡದೆ ಮುಂದಕ್ಕೆ ಹೋದವಳು ಅವಳೇ. ಪಾಠಕ್ಕೆ ಹತ್ತು ನಿಮಿಷ ತಡವಾಗಿತ್ತು. ಕ್ಯಾಮೆರಾ ಎರಡು ಸಲ ಮಿಂಚಿತು. ಆಗಲೇ ವೇಗದ ತಪ್ಪಿಗೆ ಲೈಸೆನ್ಸಿನ ಪಾಯಿಂಟುಗಳು ಬಹಳ ಹೋಗಿದ್ದವು, ಇದೊಂದು ಸೇರಿದರೆ ಲೈಸೆನ್ಸೇ ಮೂರು ತಿಂಗಳು ಹೋಗುತ್ತಿತ್ತು, ಕಾರಿಲ್ಲದೆ ಎರಡು ಕ್ಯಾಂಪಸ್ಸಿನ ಪಾಠಗಳು ಹೋಗುತ್ತಿದ್ದವು. ಅವಳು ಕಾಯಂ ಆಗದ, ಗಂಟೆಯ ಲೆಕ್ಕದ ಟೀಚರು. ದಾರಿ ತೋರಿಸಿದವನು ಗಂಡ ಮೂರ್ತಿ. ಊರಿಂದ ಬಂದ ಅಪ್ಪಂದಿರು ಅಮ್ಮಂದಿರು ಇರುವುದು ಮತ್ತೆ ಯಾತಕ್ಕೆ ಅಂದ. ಕಾರು ಓಡಿಸಿದವರು ಇವರು ಅಂತ ಒಂದು ಸ್ಟ್ಯಾಟ್ ಡೆಕ್ ಬರೆದುಕೊಟ್ಟರೆ, ಅಂದರೆ ಸಾಕ್ಷಿಯ ಮುಂದೆ ರುಜು ಹಾಕಿದ ಒಂದು ಪ್ರಮಾಣಪತ್ರ ಕೊಟ್ಟರೆ, ತಪ್ಪು ಅವರ ಹೆಸರಿಗೆ ಹೋಗುತ್ತದೆ, ಅವರು ವಿಮಾನ ಹತ್ತಿ ಹೊರಟುಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ರೌಸ್ ಹಿಲ್‌ನ ಗುರುದತ್ತ ತನ್ನ ಅತ್ತೆಯ ಹೆಸರು ಹಾಕಿದ್ದ, ಆಯಮ್ಮನಿಗೆ ಸೈಕಲ್ಲೂ ಬರುತ್ತಿರಲಿಲ್ಲ ಎಂದು ಮೂರ್ತಿ ನಕ್ಕಿದ್ದ. ಇವಳೂ ನಕ್ಕಿದ್ದಳು. ಅಪ್ಪನಿಗಾದರೆ ಓಡಿಸಲು ಬರುತ್ತಿತ್ತು. ಊರಿಂದ ಬರುವಾಗ ಇಂಟರ್‌ನ್ಯಾಷನಲ್ ಪರ್ಮಿಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಒಂದೆರಡು ಭಾನುವಾರ ಖಾಲಿ ಪಾರ್ಕಿಂಗ್ ಜಾಗದಲ್ಲಿ ಎರಡು ಸುತ್ತು ಹಾಕಿ, ಈ ದೇಶದಲ್ಲಿ ಹಾರ್ನ್ ಮಾಡೋ ಹಾಗೇ ಇಲ್ವಲ್ಲಮ್ಮ ಎಂದು ಬೇಸರಪಟ್ಟು ಕೀ ವಾಪಸು ಕೊಟ್ಟಿದ್ದರು.

ಅಲ್ಲಿ ಮೆಡಿಕಲ್ ಶಾಪಿನವನೂ ಇಂಥ ಪ್ರಮಾಣಕ್ಕೆ ಸಾಕ್ಷಿ ಹಾಕಬಹುದು. ಅವನ ಎದುರು ರುಜು ಹಾಕಿ ಸೀಲು ಒತ್ತಿಸಿಕೊಂಡು ಬಂದ ಸಂಜೆ ಅವಳು ಅಪ್ಪನಿಗೆ ವಿಷಯ ಹೇಳಿದ್ದಳು. ಅಪ್ಪ ಶ್ರೀಕಂಠಯ್ಯ, ಮೂವತ್ತನಾಲ್ಕು ವರ್ಷ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇದ್ದವರು, ತಿಪಟೂರು, ಹುಣಸೂರು, ಕೊನೆಗೆ ಮೈಸೂರು. ಪತ್ರದಲ್ಲಿ ಜಮೀನಿನ ಗಡಿಯ ಚೆಕ್ಕುಬಂದಿ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಮಂತ್ರಿಯ ಭಾವಮೈದುನನನ್ನೇ ವಾಪಸು ಕಳಿಸಿದವರು. ಅಂಥವರು ಆವತ್ತು ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದವರು ತಲೆ ಎತ್ತಿ, ಯಾರಿಗಾದರೂ ಪೆಟ್ಟಾಯಿತಾ ಎಂದು ಮಾತ್ರ ಕೇಳಿದರು. ಇಲ್ಲ ಅಂದಳು. ಸರಿ ಹಾಗಾದರೆ ಎಂದು ಮತ್ತೆ ಹುರುಳಿಕಾಯಿಗೆ ಕೈ ಹಾಕಿದರು. ಬೈದಿದ್ದರೆ ಅವಳು ಎದುರು ಮಾತಾಡಿ ಹಗುರಾಗುತ್ತಿದ್ದಳೇನೋ. ತಮ್ಮನಿಗೂ ಓಡಿಸಿದ್ದು ಅಪ್ಪ ಎಂಬ ಕಥೆಯನ್ನೇ ಹೇಳಿಬಿಟ್ಟಿದ್ದಳು. ಫೋನಿನಲ್ಲಿ ಹರ್ಷ, ಈ ವಯಸ್ಸಲ್ಲಿ ಅಪ್ಪಂಗೆ ಯಾಕೆ ಕಾರು ಕೊಟ್ಟೆ, ನಿಂಗೆ ಬುದ್ಧಿ ಬೇಡ್ವಾ ಎಂದು ಅರ್ಧ ಗಂಟೆ ಕೂಗಾಡಿದಾಗ ಅವಳು ತಪ್ಪು ಮಾಡಿದ ಅಕ್ಕನ ಹಾಗೆ ಹೂಂಗುಟ್ಟಿದ್ದಳು. ಮಾಡದ ತಪ್ಪಿಗೆ ಬೈಸಿಕೊಳ್ಳುವುದರಲ್ಲಿ ಮಾಡಿದ ತಪ್ಪು ಎಷ್ಟು ಸುಖವಾಗಿ ಮುಚ್ಚಿಹೋಗುತ್ತದೆ ಎಂದು ಆಗಲೇ ಅನ್ನಿಸಿತ್ತು, ನಾಚಿಕೆಯೂ ಆಗಿತ್ತು. ಆಮೇಲೆ ಅಪ್ಪ ಮಗನ ಮನೆಗೆ ಬಂದು ನೆಲೆಸಿದರು. ಮಗಳ ಮನೆಯಲ್ಲಿ ಬಹಳ ದಿನ ಇರಬಾರದು ಎಂಬುದು ಅವರ ಲೆಕ್ಕ. ಈ ವರ್ಷ ಡಾಕ್ಟರು ಮರೆವು ಶುರುವಾಗಿದೆ ಅಂದಿದ್ದರು. ಹರ್ಷ ಅದನ್ನು ಹೇಳಿದಾಗ ಅವಳು ಕನ್ನಡಕ, ಚಪ್ಪಲಿ, ಮಾತ್ರೆ ಮರೆಯುತ್ತಾರೆ ಅಂದುಕೊಂಡಿದ್ದಳು. ನಡೆಯದೇ ಇದ್ದದ್ದನ್ನು ನೆನಪಿಟ್ಟುಕೊಳ್ಳುವ ಮರೆವೂ ಇರುತ್ತದೆಂದು ಅವಳಿಗೆ ಯಾರು ಹೇಳಬೇಕಿತ್ತು.

ಎಂಟೂವರೆಗೆ ಅಪ್ಪ ಕೋಟು ಹಾಕಿಕೊಂಡು ಹೊರಟರು, ಅವಳೂ ಜೊತೆಗೆ ಹೊರಟಳು. ಬೀದಿಯ ತುದಿಯಲ್ಲಿ ಸ್ಕೂಲಿತ್ತು, ಅದರ ಮುಂದೆ ಮಕ್ಕಳು ರಸ್ತೆ ದಾಟುವ ಜಾಗ. ಹಳದಿ ಕೋಟಿನ ಮುದುಕಿಯೊಬ್ಬಳು ಕೈಯಲ್ಲಿ ಸ್ಟಾಪ್ ಎಂದು ಬರೆದ ಬಿಲ್ಲೆಯ ಕೋಲು ಹಿಡಿದು ಕಾರುಗಳನ್ನು ನಿಲ್ಲಿಸುತ್ತಿದ್ದಳು. ಅಪ್ಪ ಅವಳಿಗೆ ಗುಡ್ ಮಾರ್ನಿಂಗ್ ಹೇಳಿ ಕಂಬದ ಪಕ್ಕ ನಿಂತರು. ದಾಟಲಿಲ್ಲ. ಪ್ರಾಮ್ ತಳ್ಳಿಕೊಂಡು ಬಂದ ತಾಯಂದಿರಿಗೆ ತಲೆಬಾಗಿಸಿ ದಾರಿ ಬಿಟ್ಟರು. ಪ್ರತಿ ಪ್ರಾಮಿನೊಳಗೂ ಒಮ್ಮೆ ಇಣುಕಿ ನೋಡುತ್ತಿದ್ದರು. ಒಂದು ಗಂಟೆ ಹೀಗೆ ನಿಲ್ಲುತ್ತಾರೆ, ಮಧ್ಯಾಹ್ನ ಸ್ಕೂಲು ಬಿಡುವಾಗ ಇನ್ನೊಂದು ಗಂಟೆ ಎಂದು ನಿವೇದಿತಾ ಹೇಳಿದ್ದಳು. ಮಳೆಯಿರಲಿ ಚಳಿಯಿರಲಿ. ಅರುಂಧತಿ ಹತ್ತಿರ ಹೋಗಿ, ಅಪ್ಪ, ಅಲ್ಲಿ ಯಾವ ಹೆಂಗಸೂ ಇರಲಿಲ್ಲ ಅಂದಳು. ಅವರು ಮೃದುವಾಗಿ ಅವಳ ಭುಜ ಮುಟ್ಟಿದರು. "ನಿಂಗೆ ಹೇಗೆ ಗೊತ್ತು ಪುಟ್ಟಿ? ನೀನು ಕಾರಲ್ಲಿ ಇರ್ಲಿಲ್ಲವಲ್ಲ. ಉಪ್ಪು ತಿಂದೋನು ನೀರು ಕುಡೀಲೇಬೇಕು." ಉಪ್ಪು ತಿಂದವಳು ಇವಳು, ಮೂರು ತಿಂಗಳಿಂದ ನೀರು ಕುಡಿಯುತ್ತಿರುವವರು ಅವರು. ಆಗಲೇ ಹೇಳಿಬಿಡಬೇಕಿತ್ತು. ಹಳದಿ ಕೋಟಿನ ಮುದುಕಿ ನೋಡುತ್ತಿದ್ದಳು, ರೈಲಿಗೆ ಹೊತ್ತಾಗಿತ್ತು, ಬ್ಯಾಗಿನಲ್ಲಿ ಇಪ್ಪತ್ತೆರಡು ಪುಟದ ಪ್ರಬಂಧವಿತ್ತು. ನೆಪ ಹುಡುಕುವವಳಿಗೆ ಸ್ಟೇಷನ್ನು ಯಾವಾಗಲೂ ಹತ್ತಿರ. ಬರ್ತೀನಪ್ಪ ಎಂದು ಹೊರಟುಬಿಟ್ಟಳು.

ಗ್ಲೆನ್ ವೇವರ್ಲಿಯಿಂದ ಸಿಟಿಗೆ ಹೋಗುವ ರೈಲಿನಲ್ಲಿ ಕಿಟಕಿಯ ಪಕ್ಕ ಕೂತು ಪ್ರಬಂಧ ತೆಗೆದಳು, ಅಕ್ಷರಗಳು ಕಣ್ಣಿಗೆ ಹತ್ತಲಿಲ್ಲ. ಈ ವಿಷಯಕ್ಕೆ ತಾನು ಬಂದದ್ದು ಅಮ್ಮ ಹೋದಾಗ ಎಂಬುದನ್ನು ಅವಳು ಎಲ್ಲೂ ಬರೆದಿರಲಿಲ್ಲ. ಮದುವೆಯಾದ ಮಗಳಿಗೆ ಮೂರು ದಿನದ ಸೂತಕ ಎಂದು ಪುರೋಹಿತರು ಹೇಳಿದ್ದರು, ಹರ್ಷನಿಗೆ ಹತ್ತು ದಿನ. ನಾಲ್ಕನೆಯ ದಿನ ಅವಳು ತಲೆಗೆ ಸ್ನಾನ ಮಾಡಿ ಶುದ್ಧಳಾಗಿ ಕೂತಿದ್ದಳು, ಒಳಗೆ ಅಮ್ಮ ಸತ್ತು ಮೂರೇ ದಿನವಾಗಿತ್ತು. ಹಿತ್ತಿಲ ಬಾಗಿಲಲ್ಲಿ ನಿಂತ ಶಿವಲಿಂಗವ್ವ, ಪಾತ್ರೆ ತೊಳೆಯಲು ಬರುತ್ತಿದ್ದವಳು, ನಿಂದು ಮುಗೀತಲ್ಲವ್ವ ಎಂದು ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಳು. ಆ ಮಾತಿನ ಉರಿಯಲ್ಲೇ ಸಿಡ್ನಿಗೆ ವಾಪಸು ಬಂದು ಲೈಬ್ರರಿಯಲ್ಲಿ ಹುಡುಕುತ್ತ ಹೋದಾಗ ಹಳೆಯ ಚೀನಾದಲ್ಲೂ ದುಃಖಕ್ಕೆ ಐದು ಮೆಟ್ಟಿಲು ಇದ್ದದ್ದು ಕಂಡಿತು. ಯಾರು ಸತ್ತರೆ ಯಾರು ಎಷ್ಟು ಒರಟು ನಾರುಬಟ್ಟೆ ಎಷ್ಟು ದಿನ ಉಡಬೇಕು ಎಂಬ ಪಟ್ಟಿ. ತಂದೆ ಸತ್ತರೆ ಮಗನಿಗೆ ಮೂರು ವರ್ಷ, ಅಂಚು ಹೊಲಿಯದ ಬಟ್ಟೆ. ಮದುವೆಯಾಗಿ ಹೋದ ಮಗಳು ಅಲ್ಲೂ ಒಂದು ಮೆಟ್ಟಿಲು ಕೆಳಗೆ. ಸಿಟ್ಟು ಮಾಡಿಕೊಂಡು ಓದಲು ಕೂತವಳು ಓದುತ್ತ ಓದುತ್ತ ಆ ಪಟ್ಟಿ ಬರೆದ ಮುದುಕರನ್ನು ಪ್ರೀತಿಸತೊಡಗಿದಳು. ಮನುಷ್ಯ ಒಳ್ಳೆಯವನಾಗುವುದು ಮನೆಯಲ್ಲಿ, ಅಪ್ಪ ಅಮ್ಮನನ್ನು ಕಂಡರೆ ಮಗುವಿಗೆ ಆಗುವ ಅಕ್ಕರೆಯೇ ಮುಂದೆ ಊರಿಗೆ, ರಾಜ್ಯಕ್ಕೆ ಹರಡಬೇಕು ಅಂದವರು ಅವರು. ಎಲ್ಲರನ್ನೂ ಸಮನಾಗಿ ಪ್ರೀತಿಸಿ ಎಂದು ಬೋಧಿಸಿದವರನ್ನು, ಹಾಗಾದರೆ ನಿಮಗೆ ಅಪ್ಪನೇ ಇಲ್ಲವೇ ಎಂದು ಗದರಿದವರು. ಅಪ್ಪ ಕಳ್ಳತನ ಮಾಡಿದರೆ ಮಗ ಹೋಗಿ ದೂರು ಕೊಡಬೇಕೋ, ಮುಚ್ಚಿಡಬೇಕೋ ಎಂಬುದು ಅಲ್ಲಿ ಎರಡೂವರೆ ಸಾವಿರ ವರ್ಷದ ಜಗಳ. ದೂರು ಕೊಡುವವನೇ ಪ್ರಾಮಾಣಿಕ ಎಂದವರು ದಂಡದಿಂದ ಆಳಲು ಹೊರಟ ಮಂತ್ರಿಗಳು. ಅಪ್ಪ ಮಗನನ್ನು, ಮಗ ಅಪ್ಪನನ್ನು ಮರೆಮಾಡುವುದರಲ್ಲೇ ನೇರವಂತಿಕೆ ಇದೆ ಎಂದವರು ಅವಳ ಮುದುಕರು, ಆ ಗುರುಗಳು. ಅವಳ ಪ್ರಬಂಧ ಗುರುಗಳ ಪಕ್ಷ. ಆ ಪಕ್ಷವನ್ನು ಹಿಡಿದದ್ದು ಯಾವಾಗ ಎಂದು ಕೇಳಿಕೊಂಡಳು. ಮೊದಲ ಕರಡಿನ ಮೇಲಿದ್ದ ತಾರೀಖು ೨೦೦೫ರ ಆಗಸ್ಟ್. ಮೆಡಿಕಲ್ ಶಾಪಿನಲ್ಲಿ ಸೀಲು ಒತ್ತಿಸಿ ಎರಡು ತಿಂಗಳು ಕಳೆದಿರಲಿಲ್ಲ. ರೈಲು ಒಂದು ಸ್ಟೇಷನ್ನಿನಲ್ಲಿ ನಿಂತಿತು, ಸ್ಕೂಲ್ ಯೂನಿಫಾರ್ಮಿನ ಹುಡುಗಿಯರು ಗಲಾಟೆ ಮಾಡುತ್ತ ಹತ್ತಿದರು, ಅವಳು ಕಾಲು ಒಳಕ್ಕೆ ಎಳೆದುಕೊಂಡಳು.

ಕೇಳಲು ಬಂದವರು ಹದಿನಾಲ್ಕು ಮಂದಿ. ಅರುಂಧತಿ ಚೆನ್ನಾಗಿಯೇ ಓದಿದಳು. ಅವಳ ದನಿ ಅವಳಿಗೇ ಬೇರೆಯವರದ್ದರ ಹಾಗೆ, ಬಹಳ ತಿಳಿದವರದ್ದರ ಹಾಗೆ ಕೇಳಿಸಿತು. ತಂದೆ ತಪ್ಪಿದರೆ ಮಗ ಮೆಲ್ಲಗೆ ತಿಳಿಸಿ ಹೇಳಬೇಕು, ಕೇಳದಿದ್ದರೆ ಗೌರವ ಬಿಡದೆ ಮತ್ತೆ ಹೇಳಬೇಕು ಎಂಬ ಭಾಗಕ್ಕೆ ಬಂದಾಗ ಒಂದು ಸಾಲು ತಪ್ಪಿ, ಹಿಂದಕ್ಕೆ ಹೋಗಿ ಓದಿದಳು. ಕೊನೆಗೆ ಇಬ್ಬರು ಪ್ರೊಫೆಸರುಗಳು ಪ್ರಶ್ನೆಯ ವೇಷದಲ್ಲಿ ತಮ್ಮ ತಮ್ಮ ಪಾಂಡಿತ್ಯ ಹೇಳಿಕೊಂಡರು. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ ಚೀನೀ ಹೆಂಗಸು ಎದ್ದಳು. ಅರವತ್ತರ ಆಚೀಚೆ, ಕೈಯಲ್ಲಿ ತರಕಾರಿ ಚೀಲ. ತಾನು ಮಿಸೆಸ್ ತಾಂಗ್, ಬಾಕ್ಸ್ ಹಿಲ್‌ನಲ್ಲಿರುವವಳು, ಪಂಡಿತಳಲ್ಲ, ಉಚಿತ ಉಪನ್ಯಾಸಗಳಿಗೆ ಬಂದು ಹೋಗುವ ರೂಢಿ ಎಂದು ಹೇಳಿಕೊಂಡಳು. ನಿಧಾನವಾದ ಇಂಗ್ಲಿಷಿನಲ್ಲಿ ಅವಳು ಹೇಳಿದ್ದು ಇಷ್ಟು. ಅವಳ ಹುಡುಗಿತನದಲ್ಲಿ ಚೀನಾದಲ್ಲಿ ಮಕ್ಕಳು ಸಭೆಯಲ್ಲಿ ನಿಂತು ಅಪ್ಪ ಅಮ್ಮನ ತಪ್ಪುಗಳನ್ನು ಹೇಳಬೇಕಾದ ಕಾಲ ಬಂತು. ಹೇಳದಿದ್ದರೆ ಅವಳನ್ನೇ ಕೆಟ್ಟವಳೆಂದು ಬರೆಯುತ್ತಿದ್ದರು. ಅವಳು ಎದ್ದು, ಸರಕಾರ ನಿಷೇಧಿಸಿದ ಪುಸ್ತಕಗಳನ್ನು ಅಪ್ಪ ನೆಲದಲ್ಲಿ ಹೂತಿದ್ದಾನೆ ಅಂದಳು. ಅದು ಸುಳ್ಳು. ಹೂತವಳು ಅವಳೇ, ಅಪ್ಪನಿಗೆ ಗೊತ್ತೇ ಇರಲಿಲ್ಲ. "ಅಪ್ಪ ನನ್ನ ಮುಖ ನೋಡಿದ. ಆಮೇಲೆ, ಹೌದು, ನಾನೇ ಹೂತಿದ್ದು ಅಂದ. ಎಲ್ಲಿ, ಎಷ್ಟು ಆಳ, ಅದನ್ನೂ ತಾನೇ ಕಲ್ಪಿಸಿ ಹೇಳಿದ. ನಾನು ಸುಳ್ಳುಗಾರ್ತಿ ಆಗಬಾರದಲ್ಲ. ಸಾಯೋ ತನಕ ಹಾಗೇ ಹೇಳಿದ, ಮನೆಯಲ್ಲಿ ನಾವಿಬ್ಬರೇ ಇದ್ದಾಗಲೂ. ನಿಮ್ಮ ಗುರುಗಳು ಅಪ್ಪನಿಗೆ ಏನು ಮಾಡಬೇಕು ಅಂತ ಹೇಳಿದಾರೆ. ನಾನು ಏನು ಮಾಡಬೇಕಿತ್ತು ಅಂತ ಎಲ್ಲಾದರೂ ಹೇಳಿದಾರಾ ಡಾಕ್ಟರ್?" ಅವಳು ಜಗಳಕ್ಕೆ ಕೇಳಿರಲಿಲ್ಲ, ತಿಳಿಯಲು ಕೇಳಿದ್ದಳು. ಅರುಂಧತಿಗೆ ಹತ್ತು ಗ್ರಂಥಗಳ ಸಾಲುಗಳು ನೆನಪಿಗೆ ಬಂದವು, ಈ ಪ್ರಶ್ನೆಗೆ ಒಂದೂ ಹೊಂದಲಿಲ್ಲ. ನನಗೆ ಗೊತ್ತಿಲ್ಲ ಅಂದಳು. ಸಭೆಯ ಅಧ್ಯಕ್ಷರು ಗಡಿಯಾರ ನೋಡಿ ಚಹಾ ಇದೆ ಎಂದು ಪ್ರಕಟಿಸಿದರು.

ಚಹಾ ಕುಡಿಯದೆ ಹೊರಗೆ ಬಂದಳು. ಟ್ರಾಮ್ ಹಳಿಯ ಪಕ್ಕ ನಡೆಯುತ್ತಿದ್ದವಳು ಥಟ್ಟನೆ ನಿಂತಳು. ಅಪ್ಪನದು ಮರೆವೋ, ಅಲ್ಲವೋ? ಹುರುಳಿಕಾಯಿಯಿಂದ ತಲೆ ಎತ್ತಿ ಅವಳನ್ನು ನೋಡಿದ ಆ ಸಂಜೆಯೇ ಅವರು ನಿರ್ಧಾರ ಮಾಡಿದ್ದರೋ? ರಿಜಿಸ್ಟರಾದ ಪತ್ರದಲ್ಲಿ ಶ್ರೀಕಂಠಯ್ಯ ಓಡಿಸಿದ ಎಂದು ಇದ್ದ ಮೇಲೆ ಶ್ರೀಕಂಠಯ್ಯ ಓಡಿಸಿರಲೇಬೇಕು, ಇಲ್ಲದಿದ್ದರೆ ಮಗಳು ಸುಳ್ಳು ಪ್ರಮಾಣ ಮಾಡಿದವಳಾಗುತ್ತಾಳೆ. ಹಾಗೆಂದು ಮೊದಲು ಬಾಯಲ್ಲಿ ಒಪ್ಪಿ, ಆಮೇಲೆ ಮನಸ್ಸನ್ನು ಒಪ್ಪಿಸಿ, ಆಮೇಲೆ ಆ ಹೆಂಗಸನ್ನೂ ಪ್ರಾಮನ್ನೂ ಮಗುವಿನ ಅಳುವನ್ನೂ ಒಂದೊಂದಾಗಿ ತಂದು ಜೋಡಿಸಿಕೊಂಡರೋ? ಈಗ ಅವರಿಗೇ ಬೇರೆ ಮಾಡಲು ಬರುವುದಿಲ್ಲವೋ? ಅವಳಿಗೆ ತಿಳಿಯುವ ದಾರಿ ಇರಲಿಲ್ಲ. ಆದರೆ ಒಂದು ತಿಳಿಯಿತು. ಎರಡರಲ್ಲಿ ಯಾವುದಾದರೂ, ಆ ಕಂಬದ ಪಕ್ಕ ನಿಂತಿರುವವರು ಅಪ್ಪ, ನಿಲ್ಲಿಸಿದವಳು ತಾನು. ಇನ್ನು ಕಾಯುವುದಿಲ್ಲ ಅಂದುಕೊಂಡಳು. ಮೂರ್ತಿಗೆ ಫೋನ್ ಮಾಡಿ, ಬರೆದುಕೊಡುತ್ತೇನೆ, ಓಡಿಸಿದವಳು ನಾನು ಅಂತ, ಎಂದಳು. ಆಫೀಸಿನಲ್ಲಿದ್ದ ಮೂರ್ತಿ ಕೋಣೆಯಿಂದ ಹೊರಗೆ ಬಂದು ಮಾತಾಡಿದ. ಸುಳ್ಳು ಪ್ರಮಾಣಕ್ಕೆ ಕೇಸಾಗುತ್ತದೆ, ಕಾಯಂ ಕೆಲಸದ ಅರ್ಜಿ ಹಾಕಿದ್ದೀಯ, ಅಲ್ಲಿ ಕೇಳುತ್ತಾರೆ, ಎರಡು ವರ್ಷದಿಂದ ಯಾರೂ ಸೊಲ್ಲೆತ್ತದ ವಿಷಯವನ್ನು ಕೆರೆದು ಹುಣ್ಣು ಮಾಡಿಕೊಳ್ಳಬೇಡ, ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯಬೇಡ ಅಂದ. ಅವನು ಹೇಳಿದ್ದೆಲ್ಲ ನಿಜ. ಮೂರ್ತಿ ಕೆಟ್ಟವನಲ್ಲ, ಅವಳನ್ನು ಮುಚ್ಚಿಡುವುದು ಅವನಿಗೂ ಧರ್ಮವೇ. "ಗೊತ್ತು ಕಣೋ. ಎಲ್ಲಾ ಗೊತ್ತಿದ್ದೇ ಮಾಡ್ತಿದೀನಿ" ಎಂದು ಫೋನ್ ಇಟ್ಟಳು.

ಗ್ಲೆನ್ ವೇವರ್ಲಿ ಸ್ಟೇಷನ್ನಿನ ಹತ್ತಿರದ ಮೆಡಿಕಲ್ ಶಾಪಿನಲ್ಲಿ ಬಿಳಿ ಹಾಳೆಯ ಮೇಲೆ ಎಲ್ಲವನ್ನೂ ಬರೆದಳು. ತಾರೀಖು, ಹೊತ್ತು, ರಸ್ತೆಯ ಹೆಸರು, ಹಳದಿ ಕೆಂಪಾದದ್ದನ್ನು ಕಂಡಿದ್ದೆ ಎಂಬುದು, ಹಿಂದೆ ಕೊಟ್ಟ ಪ್ರಮಾಣ ಸುಳ್ಳು ಎಂಬುದು, ತಂದೆ ಆ ಹೊತ್ತಿನಲ್ಲಿ ಮನೆಯಲ್ಲಿದ್ದರು ಎಂಬುದು. ಔಷಧಿಯ ಹುಡುಗಿ ಓದದೆ ಸಾಕ್ಷಿ ಹಾಕಿ, ಸೀಲು ಒತ್ತಿ, ಹ್ಯಾವ್ ಎ ಗುಡ್ ಡೇ ಅಂದಳು. ಇಷ್ಟು ಸುಲಭವಾಗಿ ಸುಳ್ಳೂ ಆಗಿತ್ತಲ್ಲ ಎಂದು ಅರುಂಧತಿಗೆ ಅನ್ನಿಸಿತು. ದಂಡದ ಕಚೇರಿಯ ವಿಳಾಸ ಬರೆದ ಲಕೋಟೆಯನ್ನು ಅಂಟಿಸದೆ ಹಿಡಿದುಕೊಂಡು ನಡೆದಳು. ಅಪ್ಪ ಬಾಯಿಮಾತನ್ನು ನಂಬಲಿಕ್ಕಿಲ್ಲ, ಕಾಗದವನ್ನು ನಂಬುತ್ತಾರೆ. ಜೀವಮಾನವೆಲ್ಲ ಅವರು ನಂಬಿದ್ದು ಅದೊಂದನ್ನೇ.

ಮೂರು ಗಂಟೆ ಹೊಡೆದಿತ್ತು. ಅಪ್ಪ ಆಗಲೇ ಕಂಬದ ಪಕ್ಕ ಇದ್ದರು, ಹೊಟ್ಟೆಗಿಲ್ಲದೆ ಮುಖ ಸಣ್ಣದಾಗಿತ್ತು. ಹಳದಿ ಕೋಟಿನ ಮುದುಕಿ ಕೋಲನ್ನು ಬೇಲಿಗೆ ಒರಗಿಸಿ ಸ್ಕೂಲಿನ ಗಂಟೆಗೆ ಕಾಯುತ್ತಿದ್ದಳು. ಅರುಂಧತಿ ಯಾವ ಪೀಠಿಕೆಯೂ ಇಲ್ಲದೆ ಹೇಳಿದಳು. "ಅಪ್ಪ, ಆವತ್ತು ಕಾರು ಓಡಿಸಿದ್ದು ನಾನು. ನೀವು ಮನೇಲಿದ್ರಿ. ನನ್ನ ಲೈಸೆನ್ಸ್ ಉಳಿಸ್ಕೊಳ್ಳೋಕೆ ನಿಮ್ಮ ಹೆಸರು ಬರೆದೆ. ಹೆಂಗಸೂ ಇಲ್ಲ, ಮಗೂನೂ ಇಲ್ಲ. ನೀವು ಉಪವಾಸ ಇರ್ಬೇಡಿ." ಆಮೇಲೆ ಹಾಳೆಯನ್ನು ಅವರ ಕೈಗೆ ಕೊಟ್ಟಳು. ಅಪ್ಪ ಕನ್ನಡಕ ಹಾಕಿಕೊಂಡರು. ಮೊದಲು ಕೆಳಗೆ ನೋಡಿದರು, ರುಜು, ಸಾಕ್ಷಿಯ ರುಜು, ತಾರೀಖು, ಸೀಲು. ಬೆರಳನ್ನು ಪ್ರತಿಯೊಂದರ ಕೆಳಗೂ ಆಡಿಸಿದರು. ಆಮೇಲೆ ಮೇಲಿನಿಂದ ಪೂರ್ತಿ ಓದಿದರು. ಆ ಕಣ್ಣುಗಳಲ್ಲಿ ಮರೆವಿನ ಗುರುತೂ ಇರಲಿಲ್ಲ. ಹಾಳೆಯನ್ನು ಮಡಿಕೆಯ ಗೆರೆಯ ಮೇಲೆಯೇ ಮಡಿಚಿ ವಾಪಸು ಕೊಟ್ಟರು.

"ಪತ್ರ ಕ್ರಮವಾಗಿದೆ. ಒಂದು ಅಕ್ಷರ ತಪ್ಪಿಲ್ಲ" ಅಂದರು. "ಆ ಮೊದಲಿನ ಪತ್ರಕ್ಕೂ ಹೀಗೇ ಸೀಲಿತ್ತಲ್ವಾ ಮಗು. ನಾನು ಯಾವುದನ್ನ ನಂಬಲಿ?"

ಅರುಂಧತಿ ಕೆನ್ನೆಗೆ ಹೊಡೆಸಿಕೊಂಡವಳ ಹಾಗೆ ನಿಂತಳು. ಅಳು ಬಂತು, ಅತ್ತರೆ ಅದೂ ಅವರ ಕನಿಕರಕ್ಕೆ ಕೇಳಿದ ಹಾಗಾಗುತ್ತದೆ ಎಂದು ನುಂಗಿಕೊಂಡಳು. ಆಮೇಲೆ ಹಾಳೆಯನ್ನು ಲಕೋಟೆಗೆ ಹಾಕಿ, ನಾಲಗೆಯಿಂದ ಒದ್ದೆ ಮಾಡಿ ಅಂಟಿಸಿ, ರಸ್ತೆಯ ಈಚೆಗಿದ್ದ ಪೋಸ್ಟ್ ಡಬ್ಬಿಯವರೆಗೆ ನಡೆದು ಹಾಕಿ ಬಂದಳು. ಅಪ್ಪ ನಂಬಲಿ ಬಿಡಲಿ, ಅದು ಹೋಗಬೇಕಾದಲ್ಲಿಗೆ ಹೋಗುತ್ತದೆ. ಕರೆದರೆ ಕೋರ್ಟಿನಲ್ಲೂ ನಿಂತು ಹೇಳುತ್ತಾಳೆ. ವಾಪಸು ಬರುವಷ್ಟರಲ್ಲಿ ಗಂಟೆ ಹೊಡೆದು ಮಕ್ಕಳು ಗೇಟಿನಿಂದ ನುಗ್ಗುತ್ತಿದ್ದರು. ಹಳದಿ ಕೋಟಿನವಳು ಕೋಲು ಎತ್ತಿಕೊಂಡು, ಇವಳು ಯಾರು ಎಂದು ಅಪ್ಪನನ್ನು ನಗುತ್ತ ವಿಚಾರಿಸಿದಳು. ಅಪ್ಪ ಬೆನ್ನು ನೆಟ್ಟಗೆ ಮಾಡಿ ತಮ್ಮ ಕಚೇರಿ ಇಂಗ್ಲಿಷಿನಲ್ಲಿ ಪರಿಚಯ ಮಾಡಿಕೊಟ್ಟರು. ಇವಳು ನನ್ನ ಮಗಳು, ದೊಡ್ಡ ವಿದ್ವಾಂಸೆ, ಆ ದಿನ ಕಾರಿನಲ್ಲಿ ಇವಳು ಇರಲಿಲ್ಲ.

ಅರುಂಧತಿ ಅವರ ತೋಳು ಹಿಡಿದುಕೊಂಡೇ, ಮುದುಕಿಗೆ ಕೇಳುವಷ್ಟು, ಪ್ರಾಮ್ ಹಿಡಿದು ನಿಂತಿದ್ದ ಇಬ್ಬರು ತಾಯಂದಿರಿಗೂ ಕೇಳುವಷ್ಟು ಗಟ್ಟಿಯಾಗಿ, ನಾನೇ ಇದ್ದೆ, ಓಡಿಸಿದವಳು ನಾನು, ಇವರಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಮುದುಕಿ ಯಾರ ಮುಖ ನೋಡಬೇಕೆಂದು ತಿಳಿಯದೆ ಕೋಲು ಹಿಡಿದು ನಿಂತಳು. ಅಪ್ಪ ಮುದುಕಿಯ ಕಡೆ ತಿರುಗಿ, ಕ್ಷಮೆ ಕೇಳುವವರ ಹಾಗೆ ಮುಗುಳ್ನಕ್ಕು, ಮಕ್ಕಳು ಹಾಗೆಯೇ ಹೇಳುತ್ತಾರೆ, ಅಪ್ಪಂದಿರ ಮೇಲಿನ ಪ್ರೀತಿಗೆ, ಅಂದರು. ಅರುಂಧತಿ ಇನ್ನೊಮ್ಮೆ ಹೇಳಿದಳು.